ಹಳೇ ಹಗುರ ಬೈಕುಗಳ ಸ್ಕ್ರ್ಯಾಂಬಲ್ಸ್ ಮತ್ತೆ ಕೊಡಗಿನ ಮಣ್ಣಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಸುತ್ತಮುತ್ತ ಹಳೇ ಟೂ ಸ್ಟ್ರೋಕ್ (ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಉರಿಸುವ) ಬೈಕು ಇಟ್ಟುಕೊಂಡಿರುವ ಕೆಲವರು ಸೇರಿ ಈ ಮಣ್ಣಿನ ಓಟ ಶುರು ಮಾಡಿದ್ದೇವೆ. ಗ್ಯಾರೇಜಿನಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿದ್ದೇವೆ.

ಸ್ಕ್ರ್ಯಾಂಬಲ್ಸ್ ಅಂದ್ರೆ ಏನು? ಮೋಟೋಕ್ರಾಸ್ ಅಲ್ವಾ?

ಮೋಟೋಕ್ರಾಸಿನ ಅಪ್ಪ ಅನ್ನಬಹುದು. ಹುಲ್ಲು, ಮಣ್ಣು, ಏರು, ಇಳಿಜಾರು ಇರುವ ಜಾಗದಲ್ಲಿ ಒಂದು ಸುತ್ತು ಗುರುತು ಮಾಡುತ್ತಾರೆ. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಮೊದಲು ಮುಗಿಸಿದವನು ಗೆದ್ದ. 1924ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಓಟವನ್ನೇ ಮೊದಲನೆಯದು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆಮೇಲೆ ಅದು ಯುರೋಪಿಗೆ ಹರಡಿತು. 1957ರಲ್ಲಿ 500 ಸಿಸಿಗೆ ವಿಶ್ವ ಚಾಂಪಿಯನ್‌ಶಿಪ್ ಬಂತು.

ಈಗಿನ ಮೋಟೋಕ್ರಾಸಿನಲ್ಲಿ ಮನೆಯೆತ್ತರದ ಜಂಪ್ ಕಟ್ಟುತ್ತಾರೆ. ಅಷ್ಟು ಮೇಲಿಂದ ಬಿದ್ದರೂ ತಡೆಯುವ ಸಸ್ಪೆನ್ಶನ್ ಇರುವ ಬೈಕು ಬೇಕು. ಸ್ಕ್ರ್ಯಾಂಬಲ್ಸ್‌ನಲ್ಲಿ ಅದೆಲ್ಲ ಇಲ್ಲ. ನೆಲ ಹೇಗಿದೆಯೋ ಹಾಗೇ. ಗದ್ದೆಯ ಬದು ಬಂದರೆ ಅದೇ ಜಂಪ್.

ಹಳೇ ಬೈಕೇ ಯಾಕೆ? ಹೊಸ ಡರ್ಟ್ ಬೈಕ್ ಸಿಗುತ್ತದಲ್ಲ?

ಸಿಗುತ್ತದೆ. ದುಡ್ಡಿದ್ದರೆ ತೆಗೆದುಕೊಳ್ಳಿ, ನಮ್ಮದೇನೂ ತಕರಾರಿಲ್ಲ. ಆದರೆ ಹೊಸ ಬೈಕು ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದವರು ಬರಬೇಕು. ಯಮಹಾದ ಆರ್‌ಎಕ್ಸ್ 100 ಕೆಟ್ಟರೆ ಹತ್ತು ನಂಬರಿನ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಒಂದು ಹಳೇ ಬನಿಯನ್ ಬಟ್ಟೆ ಸಾಕು. ಹದಿನೆಂಟರ ಹುಡುಗ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಜೆಟ್ ಊದಿ, ಮತ್ತೆ ಹಾಕಿ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆದಾಗ ಅವನ ಮುಖ ನೋಡಬೇಕು.

ಇನ್ನೊಂದು ಕಾರಣ ನಮಗೆ ಇನ್ನೂ ಮುಖ್ಯ. ಟೂ ಸ್ಟ್ರೋಕ್ ಕೆಲಸ ಕೈಯಲ್ಲಿರುವ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಯೆಜ್ಡಿಯ ಸದ್ದು ಕೇಳಿಯೇ ಪಾಯಿಂಟ್ ಕೆಟ್ಟಿದೆಯೋ ಕ್ರ್ಯಾಂಕ್ ಸೀಲ್ ಹೋಗಿದೆಯೋ ಹೇಳುವವರು ಊರಿಗೊಬ್ಬರು ಇದ್ದಾರೆ, ಅಷ್ಟೇ. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅದಕ್ಕೇ ನಮ್ಮಲ್ಲಿ ಒಂದು ನಿಯಮವಿದೆ: ಪ್ರತಿ ಬೈಕಿಗೂ ಎರಡು ಹೆಸರು ಬರೆಸಬೇಕು. ಓಡಿಸುವವರು ಒಬ್ಬರು, ಮೇಸ್ತ್ರಿ ಒಬ್ಬರು. ಇಬ್ಬರಲ್ಲಿ ಒಬ್ಬರಾದರೂ ಮೂವತ್ತರ ಒಳಗಿನವರು, ಒಬ್ಬರಾದರೂ ಐವತ್ತು ದಾಟಿದವರು ಇರಬೇಕು. ಐವತ್ತು ದಾಟಿದವರು ಓಡಿಸಿ, ಹುಡುಗ ಸ್ಪ್ಯಾನರ್ ಹಿಡಿದರೂ ಸರಿ.

ಯಾವ ಬೈಕುಗಳು ನಡೆಯುತ್ತವೆ?

1996ರವರೆಗೆ ತಯಾರಾದ, 250 ಸಿಸಿ ಒಳಗಿನ, ಗಾಳಿಯಿಂದಲೇ ತಣ್ಣಗಾಗುವ, ಎರಡೂ ಕಡೆ ಡ್ರಮ್ ಬ್ರೇಕ್ ಇರುವ ಭಾರತದ ಬೈಕು. 1996 ಸುಮ್ನೆ ಆರಿಸಿದ ವರ್ಷ ಅಲ್ಲ. ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು ಆ ವರ್ಷ. ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ.

ಎರಡು ಗುಂಪು ಮಾಡಿದ್ದೇವೆ. ಮೊದಲನೆಯದು 125 ಸಿಸಿ ಒಳಗೆ: ಆರ್‌ಎಕ್ಸ್ 100, ಕವಾಸಾಕಿ ಬಜಾಜ್ ಕೆಬಿ 100, ಇಂಡ್ ಸುಜುಕಿ, ಶೋಗನ್, ಸಮುರಾಯ್. ಎರಡನೆಯದು 250ರ ಒಳಗೆ: ಜಾವಾ, ಯೆಜ್ಡಿ, ರೋಡ್‌ಕಿಂಗ್, ರಾಜ್‌ದೂತ್ 175, ಎನ್‌ಫೀಲ್ಡಿನ ಮಿನಿ ಬುಲೆಟ್.

250 ಸಿಸಿಯನ್ನು ಹಗುರ ಅಂತೀರಾ ಎಂದು ಕೆಲವರು ನಗುತ್ತಾರೆ. ಸ್ಕ್ರ್ಯಾಂಬಲ್ಸ್ ಜೋರಾಗಿದ್ದ ಕಾಲದಲ್ಲಿ 500 ಸಿಸಿಯ ದೊಡ್ಡ ಫೋರ್ ಸ್ಟ್ರೋಕುಗಳೇ ರಾಜರು, 250 ಅಂದರೆ ಹಗುರ ಬೈಕು. ಆ ಹಗುರ ಟೂ ಸ್ಟ್ರೋಕುಗಳೇ ಮುಂದೆ ದೊಡ್ಡವನ್ನು ಮೂಲೆಗೆ ತಳ್ಳಿದವು. 1960 ಮತ್ತು 61ರಲ್ಲಿ ಡೇವ್ ಬಿಕರ್ಸ್ ಗ್ರೀವ್ಸ್ ಎಂಬ ಸಣ್ಣ ಇಂಗ್ಲಿಷ್ ಕಂಪನಿಯ ಬೈಕಿನಲ್ಲಿ 250 ಸಿಸಿ ಯುರೋಪ್ ಪಟ್ಟ ಗೆದ್ದರು. 1964ರಲ್ಲಿ ಬೆಲ್ಜಿಯಂನ ಜೋಯಲ್ ರೋಬೆರ್ ಜೆಕ್ ದೇಶದ ಸಿಜೆಡ್ ಬೈಕಿನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ ಇಪ್ಪತ್ತು ವರ್ಷ. ಸಿಜೆಡ್ ಮತ್ತು ಜಾವಾ ಅಣ್ಣತಮ್ಮಂದಿರ ಕಂಪನಿಗಳು. ಅಂದರೆ ನಿಮ್ಮ ಅಟ್ಟದ ಕೆಳಗೆ ಧೂಳು ತಿನ್ನುತ್ತಿರುವ ಯೆಜ್ಡಿಗೆ ಈ ಆಟ ದೂರದ ನೆಂಟಸ್ತಿಕೆ ಏನಲ್ಲ.

ನನ್ನ ಬುಲೆಟ್ ತರಬಹುದಾ?

ಬುಲೆಟಿನಲ್ಲಿ ನೋಡೋಕೆ ಬನ್ನಿ. 250 ಸಿಸಿ ದಾಟುತ್ತದೆ, ಓಟಕ್ಕೆ ಬೇಡ.

ಒಳ್ಳೇ ಆರ್‌ಎಕ್ಸ್ 100 ಇದೆ. ಅದನ್ನೇ ಬದಲಾಯಿಸಲಾ?

ದಯವಿಟ್ಟು ಬೇಡ. ಒರಿಜಿನಲ್ ಟ್ಯಾಂಕು, ಮಡ್‌ಗಾರ್ಡು, ಪೇಪರು ಎಲ್ಲ ಸರಿ ಇರುವ ಆರ್‌ಎಕ್ಸ್‌ಗೆ ಈಗ ಲಕ್ಷದ ಮಾತು ಆಡುತ್ತಾರೆ. ಅದನ್ನು ಕತ್ತರಿಸಿ ಮಣ್ಣಿಗೆ ಇಳಿಸುವುದು ನಷ್ಟ. ಟ್ಯಾಂಕು ತುಕ್ಕು ಹಿಡಿದ, ಸೀಟು ಹರಿದ, ಯಾರೂ ಕೇಳದ ಬೈಕು ಹುಡುಕಿ. ನಮ್ಮ ಅಭಿಪ್ರಾಯದಲ್ಲಿ ರಾಜ್‌ದೂತ್ ಈಗಲೂ ಅಗ್ಗಕ್ಕೆ ಸಿಗುವ ಒಳ್ಳೇ ಬೈಕು. ಪೋಲೆಂಡಿನ ವಿನ್ಯಾಸ, ಹಾಲಿನ ಕ್ಯಾನು ಹೊತ್ತು ಬದುಕಿದ ಚಾಸಿ. ವೇಗ ಇಲ್ಲ, ನಿಜ. ಆದರೆ ಕೆಸರಿನ ಏರಿನಲ್ಲಿ ಟುಕು ಟುಕು ಅಂತ ಹತ್ತಿಬಿಡುತ್ತದೆ.

ಒಂದು ಎಚ್ಚರಿಕೆ. ಆರ್‌ಸಿ ಇಲ್ಲದ ಬೈಕು ತೆಗೆದುಕೊಳ್ಳುವ ಮುಂಚೆ ಚಾಸಿ ನಂಬರ್ ಪರೀಕ್ಷಿಸಿ. ಕದ್ದ ಬೈಕಾಗಿದ್ದರೆ ಓಟ ಪೊಲೀಸ್ ಸ್ಟೇಷನ್ನಿನಲ್ಲಿ ಮುಗಿಯುತ್ತದೆ. ಬೈಕನ್ನು ರಸ್ತೆಯಲ್ಲೂ ಓಡಿಸುವುದಾದರೆ 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಓಟಕ್ಕೆಂದು ಬದಲಾಯಿಸಿದ ಬೈಕನ್ನು ರಸ್ತೆಗೆ ಇಳಿಸಬೇಡಿ. ಪಿಕಪ್‌ನಲ್ಲಿ ತನ್ನಿ.

ಬೈಕನ್ನು ಹೇಗೆ ತಯಾರು ಮಾಡಬೇಕು?

ಮೊದಲು ತೆಗೆಯುವ ಕೆಲಸ. ಹೆಡ್‌ಲೈಟು, ಇಂಡಿಕೇಟರು, ಕನ್ನಡಿ, ಸೀರೆ ಗಾರ್ಡು, ಎರಡೂ ಸ್ಟ್ಯಾಂಡು, ಕ್ರ್ಯಾಶ್ ಗಾರ್ಡು ಎಲ್ಲ ಹೊರಗೆ. ಬಿದ್ದಾಗ ಒಡೆದು ಚುಚ್ಚುವ ಯಾವುದೂ ಇರಬಾರದು. ಕ್ಲಚ್, ಬ್ರೇಕ್ ಲಿವರಿನ ತುದಿಯಲ್ಲಿ ಗುಂಡು ಇರಲೇಬೇಕು. ಮುರಿದ ಲಿವರಿಗೆ ಟೇಪ್ ಸುತ್ತಿ ತಂದರೆ ವಾಪಸ್ ಕಳಿಸುತ್ತೇವೆ. ಫುಟ್‌ರೆಸ್ಟ್ ಮೇಲಕ್ಕೆ ಮಡಚುವಂತಿರಬೇಕು. ಆಕ್ಸಿಲರೇಟರ್ ಕೈ ಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಳ್ಳಬೇಕು. ಎಂಜಿನ್ ನಿಲ್ಲಿಸುವ ಸ್ವಿಚ್ ಹ್ಯಾಂಡಲಿನ ಮೇಲೆ, ಕೈಗೆ ಸಿಗುವ ಹಾಗೆ.

ಆಮೇಲೆ ಟೈರು. ಬಟನ್ ಟೈರ್ (ಮೈಮೇಲೆ ದಪ್ಪ ಗುಬ್ಬಿಗಳಿರುವುದು) ಹಾಕಿ, ಗಾಳಿ 12ರಿಂದ 15 ಪಿಎಸ್‌ಐ ಇಡಿ. ಹೊಸಬರು ಎಡವುವುದು ಇಲ್ಲೇ. ಗಾಳಿ ಕಡಿಮೆ ಇದ್ದಾಗ ಆಕ್ಸಿಲರೇಟರ್ ತಿರುವಿದರೆ ಹಿಂದಿನ ಟೈರು ರಿಮ್ಮಿನ ಮೇಲೆ ಜಾರುತ್ತದೆ. ಟೈರಿನ ಜೊತೆ ಟ್ಯೂಬೂ ತಿರುಗುತ್ತದೆ, ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಕೊನೆಗೆ ವಾಲ್ವ್ ಬುಡದಲ್ಲಿ ಹರಿದು ಟ್ಯೂಬ್ ಹಾಳು. ಇದಕ್ಕೆ ರಿಮ್ ಲಾಕ್ ಅನ್ನುವ ಚಿಕ್ಕ ಸಾಮಾನು ಬರುತ್ತದೆ. ರಿಮ್ಮಿಗೆ ಇನ್ನೊಂದು ತೂತು ಕೊರೆದು ಅದನ್ನು ಹಾಕಿ, ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಬಿಗಿಯುತ್ತಾರೆ. ವಾಲ್ವಿನ ನಟ್ಟನ್ನು ಸಡಿಲ ಬಿಡಿ, ರಿಮ್ಮಿಗೆ ತಾಗಿಸಿ ಬಿಗಿಯಬೇಡಿ. ವಾಲ್ವ್ ಓರೆಯಾಗಿ ಬಾಗಿದ್ದು ಕಂಡರೆ ಟೈರು ಜಾರುತ್ತಿದೆ ಎಂದು ಮೊದಲೇ ಗೊತ್ತಾಗುತ್ತದೆ.

ಹಿಂದಿನ ಚೈನ್ ಸ್ಪ್ರಾಕೆಟ್ ಒಂದು ಸೈಜ್ ದೊಡ್ಡದು ಹಾಕಿದರೆ ಏರು ಹತ್ತಲು ಸುಲಭ. ಗಂಟೆಗೆ ನೂರು ಹೋಗುವ ಜಾಗ ನಮ್ಮಲ್ಲಿ ಇಲ್ಲವೇ ಇಲ್ಲ. ಮುಂದಿನ ಮಡ್‌ಗಾರ್ಡನ್ನು ಟೈರಿನಿಂದ ಮೇಲಕ್ಕೆ ಎತ್ತಿ ಕಟ್ಟಿ. ಇಲ್ಲದಿದ್ದರೆ ಗದ್ದೆಯ ಅಂಟು ಮಣ್ಣು ತುಂಬಿ ಚಕ್ರ ನಿಂತೇ ಹೋಗುತ್ತದೆ. ಏರ್ ಫಿಲ್ಟರಿಗೆ ಎಣ್ಣೆ ಹಚ್ಚಿದ ಫೋಮ್ ಹಾಕಿ. ಫೆಬ್ರವರಿಯ ಕೆಂಪು ಧೂಳು ಪಿಸ್ಟನ್ ರಿಂಗನ್ನು ಒಂದೇ ದಿನದಲ್ಲಿ ತಿಂದುಬಿಡಬಲ್ಲದು.

ಎಂಜಿನ್ ಒಳಗೆ ಕೈ ಹಾಕಬೇಡಿ. ಬೋರ್ ಒಂದೆರಡು ಸಲ ಹೊಡೆಸಿದ್ದರೆ ಪರವಾಗಿಲ್ಲ. ಪೋರ್ಟ್ (ಸಿಲಿಂಡರಿನ ಕಿಂಡಿ) ಕೊರೆದು, ದೊಡ್ಡ ಕಾರ್ಬುರೇಟರ್ ಹಾಕಿ ತಂದರೆ ಓಡಿಸಬಹುದು, ಅಂಕ ಮಾತ್ರ ಸಿಗುವುದಿಲ್ಲ. ಗೆದ್ದ ಮೊದಲ ಮೂರು ಬೈಕುಗಳ ಹೆಡ್ ಬಿಚ್ಚಿ ಎಲ್ಲರ ಎದುರೇ ನೋಡುತ್ತೇವೆ. ಓಟಕ್ಕಿಂತ ಜಾಸ್ತಿ ಜನ ಸೇರುವುದು ಅಲ್ಲೇ.

ಈಗಿನ ಪೆಟ್ರೋಲ್ ಹಳೇ ಎಂಜಿನ್ನಿಗೆ ಆಗುತ್ತದಾ?

ಆಗುತ್ತದೆ, ಸ್ವಲ್ಪ ಜೋಪಾನ ಬೇಕು. ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ಶೇಕಡ 20 ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ಬೆಂಡು ವಾಷರು, ಕಾರ್ಬುರೇಟರ್ ಗ್ಯಾಸ್ಕೆಟ್ ಇವೆಲ್ಲ ಅದಕ್ಕೆ ಉಬ್ಬುತ್ತವೆ ಅಥವಾ ಒಡೆಯುತ್ತವೆ. ಒಂದು ಸಲ ಎಲ್ಲವನ್ನೂ ಹೊಸದು ಹಾಕಿಬಿಡಿ. ಎಥನಾಲ್ ಇದ್ದರೆ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ತೆಳು ಮಿಶ್ರಣ ಅಂದರೆ ಬಿಸಿ, ಬಿಸಿ ಅಂದರೆ ಪಿಸ್ಟನ್ ಸೀಜ್, ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಮೇನ್ ಜೆಟ್ ಒಂದು ನಂಬರ್ ಮೇಲಿನದು ಹಾಕಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಚಾಕಲೇಟ್ ಕಂದು ಇದ್ದರೆ ಸರಿ. ಬೆಳ್ಳಗಿದ್ದರೆ ಓಡಿಸಬೇಡಿ.

ಎಥನಾಲ್ ನೀರನ್ನೂ ಎಳೆಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಚಪ್ಪಲಿಗೇ ಬೂಸ್ಟು ಬರುತ್ತದೆ, ಇನ್ನು ಟ್ಯಾಂಕಿನೊಳಗೆ ಏನಾಗುತ್ತದೆ ಯೋಚಿಸಿ. ಜೂನ್‌ಗೆ ಮುಂಚೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ.

ಎಣ್ಣೆ: ಯೆಜ್ಡಿ, ರಾಜ್‌ದೂತ್‌ಗೆ ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ ಒಳ್ಳೇ 2ಟಿ ಎಣ್ಣೆ. ಆರ್‌ಎಕ್ಸ್‌ನಲ್ಲಿ ಎಣ್ಣೆ ಪಂಪ್ ಬೇರೆ ಇದೆ. ಪಂಪ್ ಇಟ್ಟುಕೊಂಡಿದ್ದೀರಾ, ಬಂದ್ ಮಾಡಿ ಮಿಕ್ಸ್ ಹಾಕುತ್ತಿದ್ದೀರಾ ಎಂದು ಟ್ಯಾಂಕಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಸಹಾಯಕ್ಕೆ ಬಂದವರು ಬರೀ ಪೆಟ್ರೋಲ್ ಸುರಿದರೆ ಎಂಜಿನ್ ಹೋಯಿತು.

ಸ್ಪೇರ್ಸ್ ಸಿಗುತ್ತದಾ?

ಮೈಸೂರು ಹತ್ತಿರ ಇರುವುದು ನಮ್ಮ ಪುಣ್ಯ. ಅಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ ಮೂವತ್ತೈದು ವರ್ಷ ನಡೆದದ್ದರಿಂದ, ಅಲ್ಲಿ ಕೆಲಸ ಮಾಡಿದವರ, ಕಲಿತವರ ಕೈಯಲ್ಲಿ ಇನ್ನೂ ಸಾಮಾನು, ವಿದ್ಯೆ ಎರಡೂ ಇದೆ. ಆರ್‌ಎಕ್ಸ್ ಸಾಮಾನು ಎಲ್ಲ ಕಡೆ ಸಿಗುತ್ತದೆ, ಡೂಪ್ಲಿಕೇಟು ಇನ್ನೂ ಜಾಸ್ತಿ ಸಿಗುತ್ತದೆ. ಪಿಸ್ಟನ್, ಕ್ರ್ಯಾಂಕ್ ಬೇರಿಂಗ್, ಬ್ರೇಕ್ ಶೂ ಮೂರರಲ್ಲಿ ಉಳಿತಾಯ ಮಾಡಬೇಡಿ.

ಎಲ್ಲಿ, ಯಾವಾಗ ನಡೆಸುತ್ತೀರಿ?

ಕೊಡಗಿನಲ್ಲಿ ತಾರೀಕು ಹುಡುಕುವುದೇ ಅರ್ಧ ಕೆಲಸ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಕೈಲ್‌ಪೋಳ್ದ್ (ಆಯುಧ ಪೂಜೆಯ ಹಬ್ಬ) ಆಗಿ ತುಲಾ ಸಂಕ್ರಮಣ ಕಳೆಯುವ ಹೊತ್ತಿಗೆ ಗದ್ದೆಯಲ್ಲಿ ಪೈರು ನಿಂತಿರುತ್ತದೆ. ಸುಗ್ಗಿ ಹಬ್ಬ ಪುತ್ತರಿ ಮುಗಿದು ಕೊಯ್ಲು ಆಗುವಷ್ಟರಲ್ಲಿ ಕಾಫಿ ಹಣ್ಣು ಕೊಯ್ಯುವ ಗಡಿಬಿಡಿ. ಆಗ ತೋಟದ ಯಾರನ್ನೂ ಕರೆಯೋಕಾಗಲ್ಲ, ಕರೆದರೆ ಬೈಸಿಕೊಳ್ಳಬೇಕು. ಏಪ್ರಿಲ್, ಮೇ ಅಂದರೆ ಕೊಡವ ಮನೆತನಗಳ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಆ ಹಬ್ಬದ ಎದುರು ನಾವು ಬೈಕು ಓಡಿಸಿದರೆ ನಮ್ಮ ಮನೆಯವರೇ ಬರುವುದಿಲ್ಲ.

ಉಳಿಯುವುದು ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಭಾನುವಾರಗಳು. ಗದ್ದೆ ಒಣಗಿ ಬರೀ ಕೂಳೆ ಇರುತ್ತದೆ. ಕಾಫಿ ಹೂ ಬಿಡಿಸುವ ಹೂ ಮಳೆ ಇನ್ನೂ ಬಂದಿರುವುದಿಲ್ಲ. ಮಳೆ ಬೇಗ ಬಂದು, ಅಥವಾ ಸ್ಪ್ರಿಂಕ್ಲರ್ ಹಾಕಿ, ಪಕ್ಕದ ತೋಟದ ರೊಬಸ್ಟಾ ಕಾಫಿ ಹೂ ಬಿಟ್ಟರೆ ಓಟ ಮುಂದಕ್ಕೆ. ಇದರಲ್ಲಿ ಚೌಕಾಸಿ ಇಲ್ಲ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ಆ ಕೆಲವೇ ದಿನಗಳಲ್ಲಿ ಧೂಳೆಬ್ಬಿಸಿ ಜೇನು ಓಡಿಸಿದರೆ ತೋಟದವರ ವರ್ಷದ ಬೆಳೆ ಹೋಗುತ್ತದೆ.

ಜಾಗ ಯಾವತ್ತೂ ಖಾಸಗಿ ಗದ್ದೆ ಮತ್ತು ಅದಕ್ಕೆ ತಾಗಿದ ಬಾಣೆ, ಅಂದರೆ ಗದ್ದೆ ಮೇಲಿನ ಗುಡ್ಡದ ಜಾಗ. ಯಜಮಾನರ ಒಪ್ಪಿಗೆ ಬರಹದಲ್ಲಿ ಬೇಕು. ವಂಶಪಾರಂಪರ್ಯದ ಜಮ್ಮಾ ಬಾಣೆಯಾದರೆ ಒಕ್ಕದ (ಮನೆತನದ) ಹಿರಿಯರೆಲ್ಲರ ಒಪ್ಪಿಗೆ ಬೇಕು, ಒಬ್ಬ ತಮ್ಮ ಹೂಂ ಅಂದರೆ ಸಾಲದು. ದೇವರ ಕಾಡಿನ ಹತ್ತಿರ ಇಲ್ಲ. ಅರಣ್ಯದ ಅಂಚಿನಲ್ಲಿ ಇಲ್ಲ. ಬೆಳಿಗ್ಗೆ 9ರಿಂದ ಸಂಜೆ 4, ಅಷ್ಟೇ. ಬೆಳಗಾದ ಕೂಡಲೇ ಇಬ್ಬರು ಸುತ್ತು ಪೂರ್ತಿ ನಡೆದು ನೋಡುತ್ತಾರೆ. ಆನೆ ಲದ್ದಿ ಹಸಿಯಾಗಿ ಕಂಡರೆ ಅವತ್ತು ಓಟವಿಲ್ಲ, ಕಾಫಿ ಕುಡಿದು ಮನೆಗೆ.

ಗದ್ದೆ ಹಾಳಾಗಲ್ವಾ? ಗುಡ್ಡ ಜರುಗಲ್ವಾ?

ಗದ್ದೆಗೆ ಅಷ್ಟು ತೊಂದರೆ ಇಲ್ಲ. ಮಣ್ಣು ಗಟ್ಟಿಯಾಗುತ್ತದೆ, ಮಳೆ ಬಿದ್ದ ಮೇಲೆ ಉಳುಮೆ ಮಾಡಿದರೆ ಸಡಿಲವಾಗುತ್ತದೆ. ಬದು ಮಾತ್ರ ಒಡೆಯುತ್ತದೆ. ಓಟದ ಮರುದಿನವೇ ಸವಾರರೆಲ್ಲ ಗುದ್ದಲಿ ಹಿಡಿದು ಬದು ಕಟ್ಟಿ ಹೋಗಬೇಕು. ಕಟ್ಟದೆ ಹೋದವರಿಗೆ ಮುಂದಿನ ವರ್ಷ ಪ್ರವೇಶವಿಲ್ಲ.

ಬಾಣೆ ವಿಷಯ ಬೇರೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಹೇಗೆ ಜಾರಿದವು ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಜೆಸಿಬಿ ತರುವುದಿಲ್ಲ. ಇಳಿಜಾರನ್ನು ಕಡಿಯುವುದಿಲ್ಲ, ಜಂಪ್ ಕಟ್ಟುವುದಿಲ್ಲ. ನೇರ ಏರಿನಲ್ಲಿ ಚಕ್ರ ಕೊರೆದ ಗೆರೆ ಮಳೆಗಾಲದಲ್ಲಿ ಚರಂಡಿಯಾಗುತ್ತದೆ. ಅದಕ್ಕೇ ದಾರಿಯನ್ನು ಇಳಿಜಾರಿಗೆ ಅಡ್ಡವಾಗಿ ಹಾಕುತ್ತೇವೆ, ಪ್ರತಿ ವರ್ಷ ಜಾಗ ಬದಲಿಸುತ್ತೇವೆ. ಸಿಲ್ವರ್ ಓಕ್ ಮರಗಳಿಗೆ ಕಾಫಿ ಸಿಪ್ಪೆ ತುಂಬಿದ ಗೋಣಿ ಕಟ್ಟುತ್ತೇವೆ. ಮರಕ್ಕೂ ಒಳ್ಳೆಯದು, ಹುಡುಗರ ಮೂಳೆಗೂ ಒಳ್ಳೆಯದು.

ಊರ ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡಬಹುದಾ?

ಇಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಒಪ್ಪಿಗೆ ಇಲ್ಲದೆ ರೇಸ್ ಮಾಡಿದರೆ ಮೊದಲ ಸಲ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಅದು ಬಿಡಿ, ಶಾಲೆ ಬಿಡುವ ಹೊತ್ತಿಗೆ ಸೈಲೆನ್ಸರ್ ಇಲ್ಲದ ಆರ್‌ಎಕ್ಸ್ ಬಿಟ್ಟುಕೊಂಡು ಹೋಗುವವನನ್ನು ನಾವೂ ಸೇರಿಸಿಕೊಳ್ಳುವುದಿಲ್ಲ.

ಇದು ಅಧಿಕೃತ ರೇಸಾ?

ಈಗ ನಡೆಸುತ್ತಿರುವುದು ಅಭ್ಯಾಸದ ದಿನಗಳು. ಬಹಿರಂಗ ಸ್ಪರ್ಧೆ ಮಾಡಬೇಕೆಂದರೆ ದೇಶದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಎಂಎಸ್‌ಸಿಐನ ಪರವಾನಗಿ ಬೇಕು, ಸವಾರರಿಗೂ ಅದರ ಲೈಸೆನ್ಸ್ ಬೇಕು. ಆ ದಾರಿಯಲ್ಲೇ ಹೋಗುತ್ತೇವೆ. ನಿಧಾನ ಆಗುತ್ತದೆ, ಆಗಲಿ.

ವಯಸ್ಸಿನ ಮಿತಿ ಇದೆಯಾ? ಹುಡುಗಿಯರು ಬರಬಹುದಾ?

ಓಡಿಸಲು 18 ತುಂಬಿರಬೇಕು. ಅದಕ್ಕಿಂತ ಚಿಕ್ಕವರು ಮೇಸ್ತ್ರಿಯ ಜೊತೆ ಕೆಲಸ ಕಲಿಯಬಹುದು, ಸುತ್ತು ಎಣಿಸಬಹುದು. ಹುಡುಗಿಯರಿಗೆ ಬೇರೆ ಗುಂಪು ಮಾಡಿಲ್ಲ, ಎಲ್ಲರೂ ಒಟ್ಟಿಗೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್ ರ್ಯಾಲಿಗಳ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಮೇಲೂ ಈ ಪ್ರಶ್ನೆ ಯಾಕೆ ಬರುತ್ತದೋ ಗೊತ್ತಿಲ್ಲ.

ಮಣ್ಣಿನಲ್ಲಿ ಓಡಿಸಿ ಅಭ್ಯಾಸವಿಲ್ಲ. ಕಲಿಸುತ್ತೀರಾ?

ಕಲಿಸುತ್ತೇವೆ. ಡಕಾರ್ ರ್ಯಾಲಿಯನ್ನು ಬೈಕಿನಲ್ಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೂಡ ಮೋಟೋಕ್ರಾಸಿನಿಂದಲೇ ಬಂದವರು. ಮೊದಲ ಪಾಠ ನಿಲ್ಲುವುದು. ಫುಟ್‌ರೆಸ್ಟಿನ ಮೇಲೆ ನಿಂತು, ಮಂಡಿಯಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಡಿ. ಬೈಕು ಕೆಳಗೆ ಕುಣಿಯಲಿ, ನೀವು ಕುಣಿಯಬೇಡಿ. ಇಳಿಜಾರಿನಲ್ಲಿ ಭಾರ ಹಿಂದಕ್ಕೆ. ತಿರುವಿನಲ್ಲಿ ಕೂತು, ಟ್ಯಾಂಕಿನ ಹತ್ತಿರಕ್ಕೆ ಸರಿದು, ಒಳಗಿನ ಕಾಲನ್ನು ಮುಂದಕ್ಕೆ ಚಾಚಿ. ಕೆಳಗಲ್ಲ, ಮುಂದಕ್ಕೆ. ಕೆಳಗೆ ಊರಿದರೆ ಮಂಡಿ ತಿರುಚುತ್ತದೆ.

ಟೂ ಸ್ಟ್ರೋಕ್‌ಗೆ ಎಂಜಿನ್ ಬ್ರೇಕಿಂಗ್ ಇಲ್ಲದಷ್ಟೇ. ಆಕ್ಸಿಲರೇಟರ್ ಬಿಟ್ಟರೂ ಬೈಕು ಓಡುತ್ತಲೇ ಇರುತ್ತದೆ. ಡ್ರಮ್ ಬ್ರೇಕಿಗೆ ನೀರು ಹೋದರೆ ಅದೂ ಹಿಡಿಯುವುದಿಲ್ಲ. ತೋಡು ದಾಟಿದ ಕೂಡಲೇ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ, ಶೂ ಒಣಗುತ್ತದೆ. ಯೆಜ್ಡಿಯವರಿಗೆ ಇನ್ನೊಂದು ಮಾತು: ಅದರಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಏರಿನ ಮಧ್ಯೆ ಆಫ್ ಆದರೆ ಲಿವರ್ ತಿರುಗಿಸಿ, ಕಿಕ್ ಹೊಡೆದು, ಮತ್ತೆ ಗೇರಿಗೆ ತರಬೇಕು. ಇದನ್ನು ಮನೆಯಂಗಳದಲ್ಲೇ ಕಣ್ಣುಮುಚ್ಚಿ ಮಾಡುವಷ್ಟು ರೂಢಿ ಮಾಡಿಕೊಳ್ಳಿ.

ಪೆಟ್ಟಾದರೆ?

ಆಗಬಹುದು. ಆಗುವುದೇ ಇಲ್ಲ ಎಂದು ಹೇಳುವವರ ಹತ್ತಿರ ಹೋಗಬೇಡಿ. ಐಎಸ್‌ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಎದೆ ಬೆನ್ನಿನ ಗಾರ್ಡು, ಮಂಡಿ ಮೊಣಕೈ ಗಾರ್ಡು, ಗ್ಲೌಸ್, ಕಣಕಾಲು ಮುಚ್ಚುವ ಗಟ್ಟಿ ಬೂಟು. ತೋಟಕ್ಕೆ ಹಾಕುವ ಗಂಬೂಟು ನಡೆಯುವುದಿಲ್ಲ, ಬಿದ್ದಾಗ ಕಾಲಿನಿಂದ ಕಳಚಿಕೊಳ್ಳುತ್ತದೆ. ಆಂಬುಲೆನ್ಸ್ ಜಾಗದಲ್ಲೇ ನಿಂತಿರುತ್ತದೆ. ಅದು ಒಬ್ಬರನ್ನು ಕರೆದುಕೊಂಡು ಹೋದರೆ ವಾಪಸ್ ಬರುವವರೆಗೆ ಎಂಜಿನ್ ಬಂದ್. 108ಕ್ಕೆ ಫೋನ್ ಮಾಡಿದರಾಯಿತು ಎಂದು ಬಿಡುವುದಿಲ್ಲ. ನಮ್ಮ ತಿರುವಿನ ರಸ್ತೆಗಳಲ್ಲಿ ಬರುವುದಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಓಟ ಹೇಗೆ ನಡೆಯುತ್ತದೆ?

ಎಲ್ಲರೂ ಒಂದೇ ಸಾಲು. ಮುಂದೆ ಎಳೆದು ಕಟ್ಟಿದ ರಬ್ಬರ್ ಪಟ್ಟಿ. ಅದು ಬಿಟ್ಟ ಕೂಡಲೇ ಹೊರಡಬೇಕು. ಹತ್ತು ನಿಮಿಷ, ಆಮೇಲೆ ಒಂದು ಸುತ್ತು. ಹೀಗೆ ದಿನಕ್ಕೆ ಮೂರು ಓಟ, ಅಂಕ ಕೂಡಿಸಿ ಲೆಕ್ಕ. ಹಳದಿ ಬಾವುಟ ಕಂಡರೆ ಮುಂದೆ ಯಾರೋ ಬಿದ್ದಿದ್ದಾರೆ, ನಿಧಾನ, ಹಿಂದಿಕ್ಕುವಂತಿಲ್ಲ. ಕೆಂಪು ಅಂದರೆ ನಿಲ್ಲಿ. ನೀಲಿ ಅಂದರೆ ಹಿಂದೆ ವೇಗದವರು ಬರುತ್ತಿದ್ದಾರೆ, ದಾರಿ ಬಿಡಿ.

ಬಹುಮಾನ ಎಷ್ಟು?

ದುಡ್ಡಿಲ್ಲ. ಗೆದ್ದ ಜೋಡಿಗೆ ಒಂದು ಜೊತೆ ಟೈರು. ಹಣ ಇಟ್ಟರೆ ಹಣ ಇರುವವರ ಎಂಜಿನ್ನು ಬರುತ್ತದೆ.

ಹೊಗೆ, ಸದ್ದು?

ಎರಡೂ ಇದೆ. ಸೈಲೆನ್ಸರ್ ಕಡ್ಡಾಯ, ಒಳಗಿನ ಜಾಲಿ ತೆಗೆದಿದ್ದರೆ ಓಡಿಸಲು ಬಿಡುವುದಿಲ್ಲ. ಅಕ್ಕಪಕ್ಕದ ಮನೆಗಳಿಗೆ ವಾರದ ಮುಂಚೆ ಹೋಗಿ ಹೇಳುತ್ತೇವೆ. ಹುಷಾರಿಲ್ಲದವರು, ಕೈಗೂಸು ಇರುವ ಮನೆಯವರು ಬೇಡ ಎಂದರೆ ಜಾಗ ಬದಲಿಸುತ್ತೇವೆ.

ಸುಮ್ನೆ ನೋಡೋಕೆ ಬರಬಹುದಾ?

ಬನ್ನಿ, ಟಿಕೆಟ್ ಇಲ್ಲ. ತಿರುವಿನ ಹೊರಬದಿಯಲ್ಲಿ ನಿಲ್ಲಬೇಡಿ, ಜಾರಿದ ಬೈಕು ಬರುವುದು ಅಲ್ಲಿಗೇ. ಹಗ್ಗದ ಈಚೆ, ಏರಿನ ಮೇಲೆ ನಿಂತರೆ ಪೂರ್ತಿ ಸುತ್ತು ಕಾಣುತ್ತದೆ. ನಾಯಿಗಳನ್ನು ಮನೆಯಲ್ಲೇ ಕಟ್ಟಿ ಬನ್ನಿ. ವಾಹನಗಳನ್ನು ರಸ್ತೆ ಬದಿ ಬಿಡದೆ ಗುರುತು ಮಾಡಿದ ಗದ್ದೆಯಲ್ಲಿ ನಿಲ್ಲಿಸಿ. ಮಧ್ಯಾಹ್ನ ಅನ್ನ, ಸಾರು ಇರುತ್ತದೆ. ತಟ್ಟೆ, ಲೋಟ ನೀವೇ ತರಬೇಕು, ಪ್ಲಾಸ್ಟಿಕ್ ತಟ್ಟೆ ಗದ್ದೆಗೆ ಬಿಡುವುದಿಲ್ಲ.